ಹಿಮಾಲಯದಾಚೆಯ ವಾಯಿದೆ

ಚಳಿಗಾಲ ಕಳೆಯಲು ಕೆರೆಗೆ ಬಂದ ಹೆಬ್ಬಾತುರಾಯ, ದಂಡೆಯಲ್ಲಿ ಜಾಗ ಕೊಟ್ಟರೆ ಆಮೆ ನೀಲವ್ವನ ಮೊಟ್ಟೆಗಳನ್ನು ಕಾಯುವುದಾಗಿ ಕರಾರು ಬರೆದುಕೊಟ್ಟ. ನೀಲವ್ವ ಅದನ್ನು ಎರಡು ಸಲ ಓದಿದಳು.

"ತಕರಾರು ಬಂದರೆ ಹಿಮಾಲಯದಾಚೆ ನಿಮ್ಮ ಸರೋವರದಲ್ಲೇ ವಿಚಾರಣೆ ಅಂತಿದೆಯಲ್ಲಪ್ಪಾ?"

"ಅದು ಎಲ್ಲ ಕರಾರಿನಲ್ಲೂ ಇರೋ ಸಾಲು, ನೀಲವ್ವ. ನಮ್ಮಿಬ್ಬರ ನಡುವೆ ತಕರಾರು ಎಲ್ಲಿಂದ ಬರಬೇಕು?"

ದಾಕ್ಷಿಣ್ಯಕ್ಕೆ ಬಿದ್ದು ನೀಲವ್ವ ಕರಾರಿನ ಮೇಲೆ ಕಾಲಿನ ಗುರುತು ಒತ್ತಿದಳು.

ಒಂದು ಮಧ್ಯಾಹ್ನ ಹೆಬ್ಬಾತುರಾಯ ನಿದ್ದೆಹೋದ. ಮುಂಗುಸಿ ಒಂದು ಮೊಟ್ಟೆಯನ್ನೂ ಉಳಿಸಲಿಲ್ಲ.

"ನಾನು ನ್ಯಾಯ ಕೇಳುತ್ತೇನೆ," ಎಂದಳು ನೀಲವ್ವ.

"ಕೇಳಲೇಬೇಕು. ನಮ್ಮ ನ್ಯಾಯಾಧೀಶರು ಬಹಳ ಒಳ್ಳೆಯವರು. ಅರ್ಜಿ ಕೊಡಿ, ನಾನೇ ಒಯ್ಯುತ್ತೇನೆ. ವಾಯಿದೆಗೆ ನೀವು ಬಂದರಾಯಿತು," ಎಂದು ಅವನು ಉತ್ತರಕ್ಕೆ ಹಾರಿದ. ನೀಲವ್ವ ನಡೆಯತೊಡಗಿದಳು.

ಮರುವರ್ಷ ಹಿಂದಿರುಗುವಾಗ ಹೆಬ್ಬಾತುರಾಯ ಅವಳನ್ನು ಮೂರನೇ ಊರಿನ ಗಡಿಯಲ್ಲಿ ಕಂಡು ಕೆಳಗಿಳಿದ.

"ಅಯ್ಯೋ, ಇನ್ನೂ ಇಲ್ಲೇ ಇದ್ದೀರಾ? ನೀವು ಗೈರುಹಾಜರು ಅಂತ ಕೇಸು ವಜಾ ಆಯಿತು. ಜವಾನ ಪಾಪ, ನಿಮ್ಮ ಹೆಸರನ್ನು ಮೂರು ಸಲ ಕೂಗಿದ."

ಕೆರೆ ಬಿಟ್ಟ ಮೇಲೆ ನೀಲವ್ವನನ್ನು ಯಾರೂ ಹೆಸರು ಹಿಡಿದು ಕರೆದಿರಲಿಲ್ಲ. ಅವಳು ಚಿಪ್ಪಿನಿಂದ ಕತ್ತು ಹೊರಚಾಚಿ ಕೇಳಿದಳು:

"ಜೋರಾಗಿ ಕೂಗಿದನಾ?"