ಕೇಳವ್ವನ ಗುಡ್ಡ

ಹಿರೇದೊಣೆ ಎಂಬ ಊರಿನ ಪಡುವಣಕ್ಕೆ ಬೋಳುಬಂಡೆಗಳ ಒಂದು ಗುಡ್ಡವಿದೆ. ಅದರ ನೆತ್ತಿಯ ದೊಣೆಯಲ್ಲಿ ಬೇಸಿಗೆಯಲ್ಲೂ ನೀರು. ದೊಣೆಯಂಚಿನ ಕೆಸರಿನಲ್ಲಿ ಬಜೆ, ಸುತ್ತ ಆಡುಸೋಗೆಯ ಪೊದೆಗಳು. ಜನ ಇದನ್ನು ಕೇಳವ್ವನ ಗುಡ್ಡ ಎನ್ನುತ್ತಾರೆ. ಕೇಳವ್ವ ಯಾವುದೋ ದೇವತೆಯೆಂದು ಹೊಸಬರು ತಿಳಿಯುವುದುಂಟು. ಆ ಹೆಸರಿನವರು ಇಲ್ಲಿ ಯಾರೂ ಇರಲಿಲ್ಲ. ಇದ್ದವಳು ಗಾದ್ರವ್ವ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಗಂಡನನ್ನು ಕಳೆದುಕೊಂಡ ಗಾದ್ರವ್ವ ಈ ದೊಣೆಯ ಬಳಿ ಗುಡಿಸಲು ಹಾಕಿಕೊಂಡಿದ್ದಳಂತೆ. ಗಂಟಲಿನ ಮದ್ದು ಅವಳಿಗೆ ತವರಿನಿಂದ ಬಂದ ವಿದ್ಯೆ. ಬಜೆಯ ಬೇರನ್ನು ಸುಟ್ಟು ಜೇನಿನಲ್ಲಿ ತೇಯ್ದು ನಾಲಿಗೆಗೆ ಹಚ್ಚುವಳು. ಆಡುಸೋಗೆಯ ಎಲೆಗೆ ಮೆಣಸು, ಶುಂಠಿ ಜಜ್ಜಿ ಹಾಕಿ ಕಷಾಯ ಕಾಸುವಳು. ಮದ್ದು ಮುಗಿಯುವ ತನಕ ತುಟಿ ಬಿಚ್ಚಬಾರದು ಎಂಬುದು ಅವಳ ಕಟ್ಟಳೆ. ಹಾಗಾಗಿ ಅವಳ ಗುಡಿಸಲಲ್ಲಿ ಮದ್ದಿಗೆ ಬಂದ ಜನವಿದ್ದರೂ ಮಾತಿರಲಿಲ್ಲ. ದನಿ ಮರಳಿದ ದಿನವೇ ಅವರು ಕೈಮುಗಿದು ಇಳಿದುಹೋಗುವರು. ಮೊದಲ ಮಾತನ್ನು ಮನೆಯವರೊಡನೆ ಆಡುವ ಆತುರ ಅವರದು. ಅದು ತಪ್ಪೆಂದು ಗಾದ್ರವ್ವನಿಗೆ ಅನಿಸಲಿಲ್ಲ. ಆದರೂ ಅವರ ಬೆನ್ನು ಬಂಡೆಯ ಮರೆಯಾಗುವ ತನಕ ನೋಡುತ್ತ ನಿಲ್ಲುವಳು.

ಪಾಳೆಯಗಾರನ ಕೋಟೆಯಲ್ಲಿ ಡಂಗುರ ಸಾರುವ ಮೈಲಾರನೂ ಹೀಗೆಯೇ ದನಿ ಬಿದ್ದು ಬಂದ, ವಾಸಿಯಾಗಿ ಹೊರಟ. ಅವನೊಬ್ಬನನ್ನು ಅವಳು ತಡೆದು ಕೇಳಿದಳು: "ಒಂದ್ಸಲ ಬಂದು ನಾಕು ಮಾತಾಡಿ ಹೋಗಪ್ಪ."

"ಬರ್ತೀನವ್ವ," ಎಂದು ಹೋದವನು ಬಹುಕಾಲ ಬರಲಿಲ್ಲ. ಕೋಟೆಗೆ ಮುತ್ತಿಗೆ ಬಿದ್ದು ಬಾಗಿಲು ಹಾಕಿದ್ದರು. ಅದು ಗುಡ್ಡದ ಮೇಲಿನವಳಿಗೆ ತಿಳಿಯುವುದು ಹೇಗೆ? ಮರೆತನೆಂದುಕೊಂಡಳು. ಆ ನಡುವೆ ಅವಳ ಗಂಟಲಲ್ಲೇ ಗಡ್ಡೆಯೆದ್ದಿತು. ತನ್ನ ಮದ್ದು ತನಗೆ ಹತ್ತಲಿಲ್ಲ. ದನಿ ಪೂರಾ ಹೋಯಿತು, ಅನ್ನ ಇಳಿಯದೆ ಹಾಸಿಗೆ ಹಿಡಿದಳು.

ಮುತ್ತಿಗೆ ತೆರವಾದ ಮೇಲೆ ಒಂದು ಮಧ್ಯಾಹ್ನ ಗುಡ್ಡದ ಬುಡದಿಂದ ಮೈಲಾರನ ಕೂಗು ಬಂತು: "ಗಾದ್ರವ್ವಾ, ಇದ್ದೀಯೇನವ್ವಾ?" ಅವಳು ಬಾಯಿ ತೆರೆದಳು; ಬರೀ ಉಸಿರು ಬಂತು. ಎರಡನೆಯ ಕೂಗಿನ ನಂತರ ಸದ್ದಡಗಿತು. ತಿರುಗಿ ಹೊರಟನೆಂದು ಅವಳ ಎದೆ ಬಿರಿಯಿತು. ತೆವಳಿ ಹೋಗಿ ಗುಂಡುಕಲ್ಲನ್ನೆತ್ತಿ ಬಂಡೆಗೆ ಬಡಿದಳು, ಕೈ ಸೋಲುವ ತನಕ ಬಡಿದಳು.

ಸದ್ದು ಹಿಡಿದು ಮೈಲಾರ ಹತ್ತಿ ಬಂದ. ನೋಡಿದೊಡನೆ ಅವನಿಗೆ ತಿಳಿಯಿತು. "ನೀನು ಮಾತಾಡಬೇಡ, ನಾನಾಡ್ತೀನಿ," ಎಂದು ಒಲೆ ಹಚ್ಚಿ, ಅವಳು ಮಾಡುತ್ತಿದ್ದಂತೆಯೇ ಕಷಾಯ ಕಾಸಿ ಕುಡಿಸಿದ. ಪಕ್ಕದಲ್ಲಿ ಕೂತು, "ಕೇಳವ್ವ," ಎಂದು ಶುರು ಮಾಡಿದ. ಮುತ್ತಿಗೆಯ ಸುದ್ದಿ, ಮಗಳ ಬಾಣಂತನ, ಸೊಸೆಯ ಮುನಿಸು, ಎಲ್ಲವನ್ನೂ ಹೇಳಿದ. ಅವನು ನಿಲ್ಲಿಸಿದರೆ ಅವಳು ಅಂಗೈ ತಿರುಗಿಸಿ ಮತ್ತೇನು ಎಂದು ಕೇಳುವಳು. "ಕೇಳವ್ವ," ಎಂದು ಅವನು ಮತ್ತೆ ತೊಡಗುವನು. ಸಾರಿ ಸಾರಿ ಪಳಗಿದ ಆ ದನಿ ಕೆಳಗಿನ ಕುರಿಗಾಹಿಗಳಿಗೂ ಕೇಳುತ್ತಿತ್ತು. ಮಾತಿನ ನಡುವೆಯೇ ಅವಳ ಜೀವ ಹೋಯಿತೆಂದೂ, ಅದು ತಿಳಿದ ಮೇಲೂ ಮೈಲಾರ ಆ ಮಾತನ್ನು ಮುಗಿಸಿಯೇ ಎದ್ದನೆಂದೂ ಹೇಳುತ್ತಾರೆ. ಕುರಿಗಾಹಿಗಳ ಬಾಯಲ್ಲಿ ಗುಡ್ಡಕ್ಕೆ ಆ ಹೆಸರು ನಿಂತಿತು.

ಇಂದಿಗೂ ದೊಣೆಯ ಪಕ್ಕದಲ್ಲಿ ಒಂದು ಚಪ್ಪಟೆ ಕಲ್ಲಿದೆ. ಅದಕ್ಕೆ ಗುಡಿಯಿಲ್ಲ, ಪೂಜಾರಿಯಿಲ್ಲ. ಗಂಟಲು ವಾಸಿಯಾದವರು ಬರಿಗೈಯಲ್ಲಿ ಹತ್ತಿ ಬಂದು, ಅದರೆದುರು ಕೂತು, ಹೊತ್ತು ಇಳಿಯುವ ತನಕ ಮನೆಯ ಸುದ್ದಿ ಹೇಳುತ್ತಿರುತ್ತಾರೆ.