ಕೊಂಬೆ ಎಸೆದ ಕೂಸು

“ಗುರುಗಳೇ, ಕಲಿಸಿದವರ ವಿರುದ್ಧವೇ ತಿರುಗಿ ಬೀಳುವ ಶಿಷ್ಯನನ್ನು ಏನೆನ್ನಬೇಕು?”

ಕೇಳಿದವನು ಮರುಳಯ್ಯ. ಹದಿನೆಂಟು ವರ್ಷದಿಂದ ಮಠದಲ್ಲಿದ್ದವನು. ಗುರುಗಳ ಪಾದುಕೆ ಜೋಡಿಸುವವನೂ ಅವನೇ, ಗುರುಗಳು ಆಡಿದ ಮಾತನ್ನು ಅಕ್ಷರ ತಪ್ಪದೆ ನಾಲ್ಕು ಜನಕ್ಕೆ ಒಪ್ಪಿಸುವವನೂ ಅವನೇ. ಆ ದಿನ ಪಕ್ಕದ ಊರಿನ ಸಭೆಯಿಂದ ಬಂದವನು ಕಾಲು ಕೂಡ ತೊಳೆಯಲಿಲ್ಲ. ಅಷ್ಟು ಬಿಸಿಬಿಸಿ ಸುದ್ದಿ.

“ಸಂಗಮಯ್ಯನ ವಿಷಯವೇ?” ಎಂದರು ಗುರುಗಳು.

“ಮತ್ತೆ ಯಾರದ್ದು? ಹನ್ನೆರಡು ವರ್ಷ ಇಲ್ಲೇ ಉಂಡು, ಇಲ್ಲೇ ಕಲಿತು, ಆಮೇಲೆ ತನ್ನ ದಾರಿ ಹಿಡಿದು ಹೋದನಲ್ಲ, ಅವನದೇ. ತುಂಬಿದ ಸಭೆಯಲ್ಲಿ ಎದ್ದು ನಿಂತು, ಒಂದು ವಚನಕ್ಕೆ ನಮ್ಮ ಗುರುಗಳು ಹೇಳುತ್ತಿದ್ದ ಅರ್ಥ ತಪ್ಪು ಎಂದುಬಿಟ್ಟ. ಯಾಕೆ ತಪ್ಪು ಎಂದು ಬಿಡಿಸಿ ಬೇರೆ ಹೇಳಿದ. ಜನ ತಲೆದೂಗಿದರು. ನನಗಂತೂ ಭೂಮಿ ಬಾಯಿಬಿಟ್ಟರೆ ಸಾಕು ಅನಿಸಿತು.”

“ಬಿಡಿಸಿ ಹೇಳಿದ್ದು ಸರಿಯಾಗಿತ್ತೇ?”

“ಸರಿಯಾಗಿಯೇ ಇತ್ತು. ಅದಕ್ಕೇ ನನಗೆ ಹೊಟ್ಟೆ ಉರಿಯುವುದು.”

ಗುರುಗಳು ಎಲೆಯಡಿಕೆ ತಟ್ಟೆಯನ್ನು ಪಕ್ಕಕ್ಕಿಟ್ಟರು. “ಕೂತುಕೋ. ಒಬ್ಬ ವಿಧವೆಯ ಕತೆ ಹೇಳುತ್ತೇನೆ,” ಎಂದರು.

ಸಮುದ್ರದಾಚೆ ಒಂದು ದ್ವೀಪ. ಅಲ್ಲಿ ವರ್ಷವಿಡೀ ಮಳೆ ಬೀಳುವ ದೊಡ್ಡ ಕಾಡು. ಆ ಕಾಡಿನಲ್ಲಿ ಒಂದು ಜಾತಿಯ ವಾನರ ಉಂಟು. ಬಾಲವಿಲ್ಲ, ಮೈತುಂಬ ಕೆಂಪು ಕೂದಲು, ಗಾತ್ರದಲ್ಲಿ ಆಳಿನಷ್ಟು. ಒರಾಂಗುಟಾನ್ ಎನ್ನುತ್ತಾರೆ. ಆ ನಾಡಿನ ಮಾತಿನಲ್ಲಿ ಹಾಗೆಂದರೆ ಕಾಡಿನ ಮನುಷ್ಯ. ಊರಿನ ಮನುಷ್ಯರು ಕಾಡಿನ ಮನುಷ್ಯರನ್ನು ಕೊಂದು, ಮರಿಗಳನ್ನು ಮಾರಿ, ಬೆರಳೆಣಿಕೆಗೆ ತಂದಿಟ್ಟರು. ಆಮೇಲೆ ಬುದ್ಧಿ ಬಂದು ಕಾಡಿಗೆ ಕಾವಲು ಹಾಕಿದರು. ಒಳಗೆ ಕೊಡಲಿ ಹೋಗಬಾರದು, ಬಂದೂಕು ಹೋಗಬಾರದು ಎಂದು ಕಟ್ಟಳೆಯಾಯಿತು. ಕಟ್ಟಳೆ ಇದ್ದರೂ ಕದ್ದು ಹೋಗುವವರು ಹೋಗುತ್ತಿದ್ದರು.

ಕಾಡಂಚಿನ ಊರಿನಲ್ಲಿ ಒಬ್ಬ ವಿಧವೆ ಇದ್ದಳು. ನಲವತ್ತು ದಾಟಿದವಳು, ಮಕ್ಕಳಿಲ್ಲ. ಒಂದು ದಿನ ಕಾಡಿನ ಕಾವಲುಗಾರ ಬಂದು ಅವಳ ಮಡಿಲಿಗೆ ಒಂದು ಮರಿಯನ್ನು ಹಾಕಿದ. ಅದರ ತಾಯಿ ಬೇಟೆಗಾರನ ಗುಂಡಿಗೆ ಸತ್ತಿತ್ತು.

“ಇದನ್ನು ಸಾಕಿ ಕಾಡಿಗೇ ಮರಳಿಸಬೇಕು,” ಎಂದ ಕಾವಲುಗಾರ. “ಏಳನೆಯ ವರ್ಷ ಬರುತ್ತೇನೆ. ಆಗ ನೀನೇ ಮರದ ಕೆಳಗೆ ನಿಂತು ಇದನ್ನು ಕರೆಯಬೇಕು. ಇಳಿದು ಬಂದರೆ ಪಟ್ಟಣದ ಪಂಜರಕ್ಕೆ ಒಯ್ಯುತ್ತೇನೆ. ಸಾಯುವವರೆಗೆ ಅಲ್ಲೇ.”

“ಸಾಕಿದವಳು ಕರೆದರೂ ಬರಬಾರದೇ?”

“ನಾಳೆ ಬೇಟೆಗಾರನೂ ಕರೆಯುತ್ತಾನೆ ತಾಯಿ. ಅವನ ಕೈಯಲ್ಲೂ ಹಣ್ಣಿರುತ್ತದೆ.”

ಮರಿ ಅವಳ ಸೊಂಟಕ್ಕೆ ಅಂಟಿಕೊಂಡಿತು. ನೀರು ಸೇದುವಾಗಲೂ ಇಳಿಯಲಿಲ್ಲ, ಅಡುಗೆ ಮಾಡುವಾಗಲೂ ಇಳಿಯಲಿಲ್ಲ. ನೆರೆಮನೆಯ ಹೆಂಗಸು ಬೇಲಿಯ ಸಂದಿಯಿಂದ ಇಣುಕಿದಳು. ಅವಳಿಗೆ ಕಂಡದ್ದು ಕೂಸಿನ ತಲೆ ಮಾತ್ರ. ಅಷ್ಟು ಸಾಕಾಯಿತು. ಗಂಡ ಸತ್ತು ಆರು ವರ್ಷವಾದವಳ ಸೊಂಟದಲ್ಲಿ ಕೂಸು! ಅದೂ ಕೆಂಪು ಕೂದಲಿನದು! ಆ ಊರಿನಲ್ಲಿ ಕೆಂಪು ತಲೆಯವನು ಒಬ್ಬನೇ, ನರೆ ಮುಚ್ಚಲು ಮದರಂಗಿ ಹಚ್ಚುತ್ತಿದ್ದ ಬಟ್ಟೆ ವ್ಯಾಪಾರಿ. ಸಂಜೆಯೊಳಗೆ ಸುದ್ದಿ ಊರು ಸುತ್ತಿತು. ವ್ಯಾಪಾರಿಯ ಹೆಂಡತಿ ಮೂರು ದಿನ ಅವನಿಗೆ ಅನ್ನ ಬಡಿಸಲಿಲ್ಲ. ನಾಲ್ಕನೆಯ ದಿನ ತಾನೇ ಹೋಗಿ ನೋಡಿದಳು. ಕೂಸಿನ ಮೈಯೆಲ್ಲ ಕೂದಲು ಕಂಡು ಸಮಾಧಾನವಾಯಿತು. ಆದರೂ ಇನ್ನೆರಡು ದಿನ ಬಿಟ್ಟೇ ಬಡಿಸಿದಳು. ವ್ಯಾಪಾರಿ ಮದರಂಗಿ ಬಿಟ್ಟ.

ಎರಡನೆಯ ವರ್ಷ ವಿಧವೆ ಕಚ್ಚೆ ಕಟ್ಟಿ ಮರ ಹತ್ತಿದಳು. ಹತ್ತಿ ತೋರಿಸಲು ಮರಿಗೆ ತಾಯಿಯಿಲ್ಲವಲ್ಲ. ಯಾವ ಹಣ್ಣು ತಿನ್ನಬೇಕು, ಯಾವ ತೊಗಟೆ ಸುಲಿಯಬೇಕು ಎಂದು ತಾನೇ ತಿಂದು ತೋರಿಸಿದಳು. ಗೆದ್ದಲನ್ನೂ ತಿಂದಳು. ಈ ವಾನರ ದಿನವೂ ಸಂಜೆ ಮರದ ತುದಿಯಲ್ಲಿ ಕೊಂಬೆ ಬಗ್ಗಿಸಿ ಹೊಸ ಹಾಸಿಗೆ ಹೆಣೆದುಕೊಳ್ಳುತ್ತದೆ. ಅವಳೂ ಹೆಣೆದಳು. ಮೊದಲನೆಯ ಹಾಸಿಗೆ ಅವಳ ಸಮೇತ ಕೆಳಗೆ ಬಂತು. ಎಂಟು ದಿನ ಕುಂಟಿ ಮತ್ತೆ ಹತ್ತಿದಳು.

ನೆರೆಮನೆಯವಳು ಬಿಡುತ್ತಾಳೆಯೇ? ಕಾಡಿಗೇ ಬಂದು ಮರದ ಕೆಳಗೆ ನಿಂತಳು.

“ಏನೇ, ಗಂಡಸರೇ ಹೆದರುವ ಮರ ಹತ್ತಿ ಕೂತಿದ್ದೀಯಲ್ಲ, ಮಾನ ಮರ್ಯಾದೆಯನ್ನು ಯಾವ ಕೊಂಬೆಗೆ ನೇತುಹಾಕಿದೆ?” ಎಂದು ಕೂಗಿದಳು.

ವಿಧವೆ ತುಟಿ ಚೂಪು ಮಾಡಿ ಚೀರಿದಳು. ಕೊಂಬೆ ಮುರಿದು ಎಸೆದಳು. ಅದು ನೆರೆಮನೆಯವಳ ಭುಜಕ್ಕೆ ಬಿತ್ತು. ವೈರಿಯನ್ನು ಕಂಡರೆ ಆ ವಾನರ ಮಾಡುವುದೇ ಹಾಗೆ. ಮರಿ ಎಲ್ಲವನ್ನೂ ನೋಡುತ್ತಿತ್ತು.

ವಿಧವೆಗೆ ಹುಚ್ಚು ಹಿಡಿದಿದೆ ಎಂದು ಊರಿಗೆಲ್ಲ ಗೊತ್ತಾಯಿತು. ಮರುವಾರ ನೋಡಲು ನಾಲ್ಕು ಜನ ಬಂದರು. ಅದರ ಮುಂದಿನ ವಾರ ಹತ್ತು ಜನ. ಬಟ್ಟೆ ವ್ಯಾಪಾರಿಯೂ ಹೆಂಡತಿಗೆ ಹೇಳದೆ ಬಂದ. ಬಂದವರಿಗೆಲ್ಲ ಕೊಂಬೆ ಬಿತ್ತು. ಬಿದ್ದಷ್ಟೂ ಜನ ಬಂದರು. ಮನುಷ್ಯನನ್ನು ಕಂಡರೆ ಏನು ಮಾಡಬೇಕೆಂದು ಮರಿಗೆ ಕಲಿಸಲು ಮರದ ಕೆಳಗೆ ಮನುಷ್ಯರು ನಿಲ್ಲಬೇಕಿತ್ತು. ಅವರನ್ನು ಅವಳು ಕರೆಯಬೇಕಾಗಲಿಲ್ಲ. ನೆರೆಮನೆಯವಳ ನಾಲಿಗೆಯೇ ಕರೆತಂದಿತು.

ಐದನೆಯ ವರ್ಷ ಮರಿ ತಾನೇ ಎಸೆಯತೊಡಗಿತು. ಎಲ್ಲರಿಗೂ ಎಸೆಯುತ್ತಿತ್ತು, ಅವಳೊಬ್ಬಳನ್ನು ಬಿಟ್ಟು. ಅವಳು ಕೈಚಾಚಿದರೆ ಓಡಿಬಂದು ಸೊಂಟ ಹತ್ತುತ್ತಿತ್ತು.

ಅದನ್ನು ಕಂಡು ವಿಧವೆಗೆ ಭಯವಾಯಿತು. ಆರನೆಯ ವರ್ಷದ ಒಂದು ಬೆಳಿಗ್ಗೆ ಅವಳು ಮರ ಹತ್ತಲಿಲ್ಲ. ಕಚ್ಚೆ ಬಿಚ್ಚಿ, ನೆರಿಗೆ ಸರಿಮಾಡಿಕೊಂಡು, ಚೇಷ್ಟೆ ನೋಡಲು ಬಂದ ಹೆಂಗಸರ ನಡುವೆ ತಾನೂ ಒಬ್ಬಳಾಗಿ ನಿಂತಳು. ಮರಿ ಇಳಿದು ಬಂದು ಅವಳ ಕೈ ಹಿಡಿಯಿತು. ಅವಳು ಕೈ ಕೊಡವಿಕೊಂಡು ಊರ ಕಡೆ ನಡೆದಳು. ಹಿಂದಿನಿಂದ ಚೀರಾಟ ಕೇಳುತ್ತಿತ್ತು. ತಿರುಗಿ ನೋಡಲಿಲ್ಲ.

ಯಾಕೆ ಎತ್ತಿಕೊಂಡಳು ಎಂದು ಆರು ವರ್ಷ ಆಡಿಕೊಂಡವರು ಈಗ ಯಾಕೆ ಇಳಿಸಿದಳು ಎಂದು ಆಡಿಕೊಂಡರು. ಕಲ್ಲಿನಂಥ ಹೆಂಗಸು ಎಂದರು. ಒಂದು ವರ್ಷ ಅವಳು ಕಾಡಿಗೆ ಕಾಲಿಡಲಿಲ್ಲ. ಸಂಜೆಯಾದರೆ ಕಾಡಿನ ಕಡೆಯ ಬಾಗಿಲಲ್ಲಿ ಕೂರುತ್ತಿದ್ದಳು. ಮರಿ ಹಾಸಿಗೆ ಹೆಣೆದುಕೊಂಡಿತೋ ಇಲ್ಲವೋ ಎಂದು ಅವಳು ಯಾರನ್ನೂ ಕೇಳುವಂತಿರಲಿಲ್ಲ.

ಏಳನೆಯ ವರ್ಷ ಕಾವಲುಗಾರ ಗಾಡಿಯ ಮೇಲೆ ಪಂಜರ ಇಟ್ಟುಕೊಂಡು ಬಂದ. ಊರೆಲ್ಲ ಅವನ ಹಿಂದೆ ಹೊರಟಿತು.

“ಹಳೆಯ ದನಿಯಲ್ಲೇ ಕರೆಯಬೇಕು. ಮೋಸ ಕೂಡದು,” ಎಂದ.

ಅವಳು ಮೋಸ ಮಾಡಲಿಲ್ಲ. ಅದಕ್ಕೆ ಇಷ್ಟವಾದ ಹಣ್ಣನ್ನು ಕೈಯಲ್ಲಿ ಹಿಡಿದು, ಹಾಲು ಕುಡಿಸುವಾಗ ಕರೆಯುತ್ತಿದ್ದ ದನಿಯಲ್ಲೇ ಕರೆದಳು. ಎಲೆ ಅಲುಗಿತು. ವಾನರ ಒಂದು ಕೊಂಬೆ ಇಳಿಯಿತು. ಇನ್ನೊಂದು ಇಳಿಯಿತು. ಅವಳನ್ನೇ ನೋಡಿತು. ಕಾವಲುಗಾರ ಪಂಜರದ ಬಾಗಿಲು ತೆರೆದ. ಅವಳು ಇನ್ನೊಮ್ಮೆ ಕರೆದಳು.

ವಾನರ ತುಟಿ ಚೂಪು ಮಾಡಿತು. ಚೀರಿತು. ಕೊಂಬೆ ಮುರಿದು ಬೀಸಿ ಎಸೆಯಿತು. ಅದು ನೇರವಾಗಿ ಅವಳ ಹಣೆಗೆ ಬಡಿಯಿತು. ರಕ್ತ ಬಂತು. ವಾನರ ಮರದಿಂದ ಮರಕ್ಕೆ ದಾಟುತ್ತಾ ಕಾಡಿನೊಳಗೆ ಹೊರಟುಹೋಯಿತು.

ಕಾವಲುಗಾರ ಖಾಲಿ ಪಂಜರದ ಬಾಗಿಲು ಹಾಕಿದ. ನೆರೆಮನೆಯವಳು ಬಾಯಿ ಬಡಿದುಕೊಂಡಳು.

“ಹಾಲು ಕುಡಿಸಿದವಳ ಹಣೆಯನ್ನೇ ಒಡೆಯಿತಲ್ಲ! ಉಪಕಾರ ಕಾಣದ ಪ್ರಾಣಿ! ನಾನು ಅಂದೇ ಹೇಳಿರಲಿಲ್ಲವೇ?”

ವಿಧವೆ ಸೆರಗಿನಿಂದ ರಕ್ತ ಒರೆಸಿಕೊಂಡಳು. ಅವಳ ಮುಖ ಅರಳಿತ್ತು.

“ಅದರ ಗುರಿ ನೋಡಿದೆಯಾ ಅಕ್ಕಾ? ನಾನು ಅಷ್ಟು ವರ್ಷ ಎಸೆದರೂ ನಿನ್ನ ಭುಜ ದಾಟಿರಲಿಲ್ಲ.”

ಗಾಯ ಮಾಯಿತು, ಕಲೆ ಉಳಿಯಿತು. ಅದನ್ನು ಅವಳು ಮುಚ್ಚಿಡಲಿಲ್ಲ. ಕೇಳಿದವರಿಗೂ ತೋರಿಸುತ್ತಿದ್ದಳು, ಕೇಳದವರಿಗೂ ತೋರಿಸುತ್ತಿದ್ದಳು.

ಗುರುಗಳು ತಟ್ಟೆಯನ್ನು ಹತ್ತಿರ ಎಳೆದುಕೊಂಡು ಎಲೆಗೆ ಸುಣ್ಣ ಹಚ್ಚತೊಡಗಿದರು. ಮುಖದಲ್ಲಿ ಬೇಸರದ ಸುಳಿವೂ ಇರಲಿಲ್ಲ. ಸಮಾಧಾನವಿಲ್ಲದವನು ಮರುಳಯ್ಯನೊಬ್ಬನೇ.

“ಹಾಗಾದರೆ ಸಂಗಮಯ್ಯ ಮಾಡಿದ್ದೇ ಸರಿಯೇ ಗುರುಗಳೇ?” ಎಂದ. “ನಾನಂತೂ ಹದಿನೆಂಟು ವರ್ಷದಲ್ಲಿ ನಿಮ್ಮ ಒಂದು ಮಾತಿಗೂ ಎದುರಾಡಿದವನಲ್ಲ.”

ಗುರುಗಳು ಹಣೆ ಸವರಿಕೊಂಡು ನಕ್ಕರು.

“ಅದೇ ನನ್ನ ಚಿಂತೆ ಮರುಳಯ್ಯಾ, ಸೊಂಟ ನೋಯುತ್ತಿದೆ, ಯಾವಾಗ ಇಳಿಯುತ್ತೀ?”