ಜಮಖಾನೆ ಹಾಸದ ಕಟ್ಟೆ

“ಗುರುಗಳೇ, ನಾನು ಈ ಮಠಕ್ಕೆ ಬಂದು ಬಹಳ ಕಾಲವಾಯಿತು. ಎಲ್ಲರೂ ನನ್ನನ್ನು ಆದರದಿಂದ ಕಾಣುತ್ತಾರೆ. ಆದರೂ ಇದು ನನ್ನ ಮನೆ ಎಂದು ನನಗೆ ಏಕೆ ಅನ್ನಿಸುವುದಿಲ್ಲ?” ಎಂದು ಶಿಷ್ಯನೊಬ್ಬ ಕೇಳಿದ. ಅವನು ಹಿಂದೆ ಪೇಟೆಯಲ್ಲಿ ಗಡಿಯಾರದ ಅಂಗಡಿ ಇಟ್ಟಿದ್ದವನು. ಅದಕ್ಕೆ ಬೀಗ ಹಾಕಿ ಮಠ ಸೇರಿದ್ದ.

ಗುರುಗಳು ಒಂದು ಕತೆ ಹೇಳಿದರು.

ನಗರದಲ್ಲಿ ಒಬ್ಬ ಹಣಕಾಸು ಸಲಹೆಗಾರನಿದ್ದ. ಉಳಿತಾಯದ ಹಣವನ್ನು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂದು ಜನರಿಗೆ ಹೇಳುವುದು ಅವನ ಕೆಲಸ. ಬಂದವರಿಗೆಲ್ಲ ಅವನು ಮೊದಲು ಹೇಳುತ್ತಿದ್ದ ಮಾತು ಒಂದೇ: “ಒಳಗೆ ಹೋಗುವ ಮುಂಚೆ ಹೊರಗೆ ಬರುವ ದಾರಿ ನೋಡಿಕೊಳ್ಳಿ.” ಇದು ತಪ್ಪು ಮಾತಲ್ಲ. ಹಣದ ವಿಷಯದಲ್ಲಿ ಸರಿಯಾದ ಮಾತೇ. ಅವನನ್ನು ನಂಬಿದವರು ಯಾರೂ ಕೆಡಲಿಲ್ಲ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ಅವನನ್ನು ನೀನು ಕೆಟ್ಟವನೆಂದು ತಿಳಿಯಬಾರದು.

ಅವನು ಹುಟ್ಟಿದ್ದು ಜಮಖಾನೆ ನೇಯುವ ಒಂದು ಊರಿನಲ್ಲಿ. ಅಲ್ಲಿ ಪ್ರತಿ ಓಣಿಗೂ ಒಂದು ಕಲ್ಲಿನ ಕಟ್ಟೆ. ಸಂಜೆ ಮಗ್ಗ ನಿಲ್ಲಿಸಿದ ಮೇಲೆ ಜನ ಅಲ್ಲಿ ಬಂದು ಕೂರುತ್ತಾರೆ. ಆ ಊರಿನದೊಂದು ಪದ್ಧತಿ ಇದೆ. ಹೊರಗಿನಿಂದ ಬಂದವರನ್ನು ಅವರು ಬರಿಯ ಕಲ್ಲಿನ ಮೇಲೆ ಕೂರಿಸುವುದಿಲ್ಲ. ಮನೆಯಿಂದ ಜಮಖಾನೆ ತಂದು ಹಾಸುತ್ತಾರೆ. ತಮ್ಮವರಿಗೆ ಹಾಸುವುದಿಲ್ಲ. ತಮ್ಮವರು ಟವೆಲಿನಿಂದ ಧೂಳು ಹೊಡೆದು ಕೂರುತ್ತಾರೆ. ದಿನವಿಡೀ ಬಿಸಿಲು ಕುಡಿದ ಕಲ್ಲು ಸಂಜೆಯ ಹೊತ್ತಿಗೂ ಬೆಚ್ಚಗಿರುತ್ತದೆ. ಸಲಹೆಗಾರ ಹುಡುಗನಾಗಿದ್ದಾಗ ತಂದೆಯ ಪಕ್ಕದಲ್ಲಿ ಆ ಕಲ್ಲಿನ ಮೇಲೆ ಕೂತು ಬೆಳೆದವನು. ನಗರದಲ್ಲಿ ಮೆತ್ತನೆಯ ಸೋಫಾದ ಮೇಲೆ ಕೂತಾಗಲೂ ಅವನಿಗೆ ಆ ಬಿಸುಪು ನೆನಪಾಗುತ್ತಿತ್ತು. ಮತ್ತೆ ಆ ಊರಿನವನಾಗಬೇಕು ಎಂಬ ಹಂಬಲ ವಯಸ್ಸಾದಂತೆ ಹೆಚ್ಚಾಯಿತು.

ಆಗ ವಿಧಾನಸಭೆಗೆ ಚುನಾವಣೆ ಬಂತು. ಅವನು ಆ ಊರಿನ ಕ್ಷೇತ್ರದಿಂದಲೇ ನಿಂತ. ಅಧಿಕಾರದ ಆಸೆಯಿಂದಲ್ಲ. ಊರು ತನ್ನನ್ನು ಆರಿಸಿದರೆ ತಾನು ಊರಿನವನಾದ ಹಾಗೆ ಎಂದು ಅವನು ಎಣಿಸಿದ್ದ. ಆದರೆ ನಗರದ ಮನೆ, ಕಚೇರಿ ಎರಡನ್ನೂ ಹಾಗೇ ಇಟ್ಟುಕೊಂಡ. ಮತದಾರರ ಪಟ್ಟಿಯಲ್ಲಿನ ತನ್ನ ಹೆಸರನ್ನೂ ನಗರದಲ್ಲೇ ಬಿಟ್ಟ. ಕಾನೂನು ಅದಕ್ಕೆ ಅಡ್ಡ ಬರುವುದಿಲ್ಲ. ರಾಜ್ಯದ ಯಾವ ಊರಿನಲ್ಲಿ ಓಟಿದ್ದರೂ ಸಾಮಾನ್ಯ ಕ್ಷೇತ್ರದಲ್ಲಿ ನಿಲ್ಲಬಹುದು.

ಓಟು ಕೇಳಲು ಅವನು ಓಣಿ ಓಣಿ ತಿರುಗಿದ. ಹೋದಲ್ಲೆಲ್ಲ ಜಮಖಾನೆ ಹಾಸಿದರು. ಒಂದು ಕಟ್ಟೆಯ ಮೇಲೆ ಅವನ ಬಾಲ್ಯದ ಗೆಳೆಯ, ಒಬ್ಬ ನೇಕಾರ, ಕೂತಿದ್ದ. ಅವನು ಮಾತ್ರ ಜಮಖಾನೆ ತರಿಸಲಿಲ್ಲ. ಹಾಗೆಂದು ಜಾಗವನ್ನೂ ಬಿಡಲಿಲ್ಲ. ನಿಂತವನನ್ನು ನಿಂತಂತೆಯೇ ಕೇಳಿದ:

“ಏನಪಾ, ಮೋಟರದಾಗ ಬಂದೀಯಲ್ಲ, ಹಾದಿ ನೆನಪೈತೇನು? ಇರ್ಲಿ. ಗೆದ್ರ ಇಲ್ಲೇ ಇರ್ತೀಯೇನೋ?”

“ಇಲ್ಲೇ ಇರ್ತೀನಿ. ಅದಕ್ಕೇ ಅಲ್ಲವೇನೋ ಬಂದಿರೋದು!”

“ಸೋತ್ರ?”

ಸಲಹೆಗಾರ ತನ್ನ ಮೋಟರಿನ ಕಡೆ ನೋಡಿದ. ಅವನು ಸುಳ್ಳು ಹೇಳುವವನಲ್ಲ.

ನೇಕಾರ ನಕ್ಕ. “ನಾವೆಲ್ಲಾ ಸೋತಾವ್ರ ಅದೀವಪಾ. ಆದ್ರೂ ಇಲ್ಲೇ ಅದೀವಲ್ಲ!”

ಕಟ್ಟೆಯವರೆಲ್ಲ ನಕ್ಕರು. ಸಲಹೆಗಾರನೂ ನಕ್ಕ. ಆ ನಗೆಯಲ್ಲಿ ಸಿಟ್ಟಿರಲಿಲ್ಲ. ಒಂದು ಕ್ಷಣ ಅವನಿಗೆ ಗೆಳೆಯನ ಪಕ್ಕದಲ್ಲಿ ಕಲ್ಲಿನ ಮೇಲೆ ಕೂತುಬಿಡಬೇಕು ಅನ್ನಿಸಿತು. ಗೆಳೆಯ ಸರಿದು ಜಾಗ ಕೊಡಲಿ ಎಂದು ಕಾದ. ಅವನು ಸರಿಯಲಿಲ್ಲ.

ಮತದಾನದ ದಿನ ಸಲಹೆಗಾರ ಶಾಲೆಯ ಗೇಟಿನಿಂದ ದೂರದಲ್ಲಿ ನಿಂತಿದ್ದ. ಓಟು ಹಾಕಿ ಬಂದವರು ಶಾಯಿ ಹಚ್ಚಿದ ಬೆರಳನ್ನು ಒಬ್ಬರಿಗೊಬ್ಬರು ತೋರಿಸುತ್ತಿದ್ದರು. ಅವನ ಬೆರಳಿನಲ್ಲಿ ಶಾಯಿ ಇರಲಿಲ್ಲ. ಅವನು ಕೈಯನ್ನು ಜೇಬಿನಲ್ಲಿ ಇಟ್ಟುಕೊಂಡ.

ಊರು ಅವನನ್ನು ಗೆಲ್ಲಿಸಿತು. ಅವನು ಬುದ್ಧಿವಂತ, ಅವನ ಕೈ ಶುದ್ಧ ಎಂದು ಜನ ಓಟು ಕೊಟ್ಟಿದ್ದರು. ಅದು ನಿಜವೂ ಆಗಿತ್ತು. ಗೆದ್ದ ಸಂಜೆ ಅವನು ಮೆರವಣಿಗೆಯನ್ನು ಬಿಟ್ಟು ಒಬ್ಬನೇ ಗೆಳೆಯನ ಕಟ್ಟೆಗೆ ನಡೆದು ಬಂದ. ಅವನನ್ನು ಕಂಡು ನೇಕಾರ ಎದ್ದು ನಿಂತ. ಒಳಗೆ ಹೋಗಿ, ಮಗಳ ಮದುವೆಗೆಂದು ನೇಯ್ದಿಟ್ಟಿದ್ದ ದೊಡ್ಡ ಜಮಖಾನೆಯನ್ನು ತಂದ.

“ಬೇಡ ಮಾರಾಯ. ಕಲ್ಲಿನ ಮೇಲೇ ಕೂರ್ತೀನಿ,” ಎಂದ ಸಲಹೆಗಾರ. ಅವನ ದನಿ ಬೇಡುವವನ ದನಿಯಂತಿತ್ತು.

“ಅದ್ಹೆಂಗಾಕೈತ್ರೀ ಸಾಹೇಬ್ರ?” ಎಂದು ನೇಕಾರ ಕಟ್ಟೆಯ ತುಂಬ ಜಮಖಾನೆ ಹಾಸಿದ. ಅದು ಕುಹಕವಲ್ಲ, ಮನಸ್ಸಿನಿಂದ ಬಂದ ಮರ್ಯಾದೆ.

ಸಲಹೆಗಾರ ಕೂತ. ಜಮಖಾನೆ ದಪ್ಪವಾಗಿತ್ತು. ಅವನು ಯಾರಿಗೂ ಕಾಣದಂತೆ ಅದರ ಅಂಚಿನ ಕೆಳಗೆ ಕೈ ತೂರಿಸಿದ. ಕಲ್ಲು ಇನ್ನೂ ಬೆಚ್ಚಗಿತ್ತು. ಕತ್ತಲಾಗುವವರೆಗೂ ಕೈ ತೆಗೆಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, “ಅವನು ನಗರದ ಮನೆಯನ್ನು ಆಮೇಲಾದರೂ ಬಿಟ್ಟನೇ, ಗುರುಗಳೇ?” ಎಂದು ಕೇಳಿದ.

ಗುರುಗಳು ಅವನ ಸೊಂಟದ ಕಡೆ ನೋಡಿ ಹೇಳಿದರು: “ನಿನ್ನ ಅಂಗಡಿಯ ಬೀಗದ ಕೈ ಇನ್ನೂ ಉಡಿದಾರದಲ್ಲೇ ಇದೆಯಲ್ಲವೇ, ಮಗು?”

ಶಿಷ್ಯನ ಕೈ ಸೊಂಟಕ್ಕೆ ಹೋಯಿತು.